ಟಿಕೆಟ್ಟಿಲ್ಲದ ಮನೆ

ಮಸ್ಕತ್ತಿನಲ್ಲಿರುವ ನಮ್ಮ ಜನಕ್ಕೆ ಹಳ್ಳಿಯೆಂದರೆ ಪ್ರಾಣ. ಅಲ್ಲಿ ವಾಸ ಮಾಡುವುದೊಂದನ್ನು ಬಿಟ್ಟರೆ ಹಳ್ಳಿಯದೆಲ್ಲವೂ ಅವರಿಗೆ ಇಷ್ಟ. ಹಬ್ಬಕ್ಕೋ ಸತ್ಯನಾರಾಯಣ ಪೂಜೆಗೋ ನಾವು ಪಟ್ಟಣಕ್ಕೆ ಹೋದಾಗ ಯಾರಾದರೊಬ್ಬರು ನನ್ನ ಕೈ ಹಿಡಿದು, "ನೀವು ಹಳ್ಳೀಲಿರೋದಂತೆ! ಎಷ್ಟು ಲಕ್ಕಿ ಕಣ್ರೀ ನೀವು!" ಎನ್ನುತ್ತಾರೆ. ಆ ಮಾತಿನ ಬಾಲ ಹಿಡಿದುಕೊಂಡೇ, "ಅಲ್ಲಿ ಕರಿಬೇವು ಸಿಗತ್ತಾ? ಎ.ಸಿ. ಇದೆಯಾ?" ಎಂಬ ಪ್ರಶ್ನೆ ಬರುತ್ತದೆ. ಎರಡೂ ಇದೆ ಎಂದರೆ ಅವರ ಮುಖದಲ್ಲಿ ಸಣ್ಣದೊಂದು ನಿರಾಸೆ. ಹಳ್ಳಿಯವರು ಸ್ವಲ್ಪವಾದರೂ ಕಷ್ಟದಲ್ಲಿದ್ದರೇ ಅವರಿಗೆ ಚೆಂದ.

ನಮ್ಮದು ಓಮಾನಿನ ರುಸ್ತಾಕ್‌ನಿಂದ ಬೆಟ್ಟದ ಕಡೆ ಒಳಗೆ ಹೋಗುವ ದಾರಿಯಲ್ಲಿರುವ ಒಂದು ಸಣ್ಣ ಊರು. ನನ್ನ ಗಂಡ ರುಸ್ತಾಕ್ ಪೇಟೆಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾರೆ. ನಾನು ಊರಿನ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ, ಅವರು ನನಗೆ ಅರಬ್ಬಿ ಕಲಿಸುತ್ತಾರೆ. ಎರಡೂ ಕಡೆಯ ಕಲಿಕೆ ಅಷ್ಟಕ್ಕಷ್ಟೆ. ನಾವಿರುವುದು ಸಿಮೆಂಟಿನ ಮನೆಯೊಂದರ ಬಾಡಿಗೆ ಮಹಡಿಯಲ್ಲಿ. ಎದುರಿಗೆ ಫಲಜ್, ಅಂದರೆ ಬೆಟ್ಟದ ಬುಡದಿಂದ ತೋಟಗಳಿಗೆ ನೀರು ತರುವ ಕಾಲುವೆ. ಅದರಾಚೆ ಖರ್ಜೂರದ ತೋಟ, ಅದಕ್ಕೂ ಆಚೆ ಹಳೆಯ ಮಣ್ಣಿನ ಮನೆಗಳ ಕೇರಿ. ಕೇರಿಯವರೆಲ್ಲ ರಸ್ತೆ ಬದಿಗೆ ಹೊಸ ಮನೆ ಕಟ್ಟಿಕೊಂಡು ಎಂದೋ ಬಂದುಬಿಟ್ಟಿದ್ದರು. ಒಂದು ಮನೆಯಲ್ಲಿ ಮಾತ್ರ ಸಂಜೆಯಾದರೆ ದೀಪ ಹತ್ತುತ್ತಿತ್ತು.

ಅದು ಖಾಲಾರ ಮನೆ. ಖಾಲಾ ಎಂದರೆ ಚಿಕ್ಕಮ್ಮ. ಊರಿಗೆಲ್ಲ ಅವರು ಖಾಲಾ, ನನಗೂ ಹಾಗೇ. ಗಂಡ ತೀರಿಹೋದ ಮೇಲೆ ತವರಿಗೆ ಬಂದವರು, ಅಣ್ಣನೂ ತೀರಿಹೋದ ಮೇಲೆ ಆ ಮನೆಯಲ್ಲಿ ಒಬ್ಬರೇ. ಅವರ ಅರಬ್ಬಿ ನನ್ನ ಕಿವಿಗೆ ನಮ್ಮ ಮಂಗಳೂರು ಕಡೆಯ ಕನ್ನಡವಾಗಿಯೇ ಬೀಳುತ್ತಿತ್ತು, ಆದ್ದರಿಂದ ಇಲ್ಲಿ ಹಾಗೆಯೇ ಬರೆಯುತ್ತೇನೆ.

ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣ್ಣೊಳಗಿನ ಒತ್ತಡ ಹೆಚ್ಚಿ ನರ ಒಣಗಿದೆ, ಆಪರೇಶನ್ ಮಾಡಿಯೂ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿಯಾಗಿತ್ತು. ಬೆಳಕು ಇದೆಯೋ ಇಲ್ಲವೋ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಆದರೆ ಆ ಮನೆಯೊಳಗೆ ಅವರು ನಡೆಯುವುದನ್ನು ನೋಡಿದರೆ ಯಾರೂ ಅದನ್ನು ನಂಬುತ್ತಿರಲಿಲ್ಲ. ಬಾಗಿಲ ಬಲಕ್ಕೆ ಹಗ್ಗದಲ್ಲಿ ತೂಗುಬಿಟ್ಟ ಮಣ್ಣಿನ ಕೊಡ, ಅದರ ಪಕ್ಕ ಮೆಟ್ಟಿಲು, ಮೆಟ್ಟಿಲ ತಿರುವಿನಲ್ಲಿ ಗೋಡೆಯೊಳಗೆ ಗೂಡು, ಗೂಡಿನಲ್ಲಿ ಏಲಕ್ಕಿ ಡಬ್ಬಿ. ಕೈ ಚಾಚಿದರೆ ವಸ್ತು ಸಿಗುತ್ತಿತ್ತು. ಮದುವೆಗೆ ಮುಂಚಿನಿಂದಲೂ ಅವೆಲ್ಲ ಅಲ್ಲೇ ಇದ್ದವು. ನೀರು ತರುವುದು, ಕಾಫಿ ಕುದಿಸುವುದು, ಚಾವಣಿ ಹತ್ತಿ ಖರ್ಜೂರ ಹರವುವುದು, ಎಲ್ಲವೂ ಅವರದೇ.

ಅಣ್ಣನ ಮಗ ಮಸ್ಕತ್ತಿನ ಹೊರವಲಯದ ಅಲ್ ಅಮೇರಾತ್‌ನಲ್ಲಿ ಮನೆ ಕಟ್ಟಿಸಿದ್ದ. ಮಸ್ಕತ್ತಿನಲ್ಲಿ ಆಫೀಸು, ಒಳ್ಳೆಯ ಇಂಗ್ಲಿಷ್, ಒಳ್ಳೆಯ ಅತ್ತರು. ಮನುಷ್ಯನೂ ಒಳ್ಳೆಯವನೇ. "ಅತ್ತೇ, ನಮ್ಮಲ್ಲಿಗೆ ಬನ್ನಿ, ಮೇಲಿನ ಕೋಣೆ ನಿಮಗೇ" ಎಂದು ಬಂದಾಗಲೆಲ್ಲ ಕರೆಯುತ್ತಿದ್ದ. ಮಣ್ಣಿನ ಮನೆಯಲ್ಲಿ ಅವನ ಪಾಲೂ ಇತ್ತು. ಖಾಲಾ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ದೇವರು ಬಯಸಿದರೆ" ಎನ್ನುತ್ತಿದ್ದರು. ನನ್ನೊಡನೆ ಮಾತ್ರ ಬಾಯಿಬಿಟ್ಟು ಹೇಳಿದ್ದರು.

"ಅಲ್ಲಿಗೆ ಹೋದ್ರೆ ನಾನು ಕುರುಡಿ ಆಗ್ತೇನೆ ಮಗಾ. ಇಲ್ಲಿ ನನಗೆ ಎಂತ ಆಗಿದೆ?"

ಅವರ ಹಟ ಇಷ್ಟೇ, ಆ ಮನೆಯಲ್ಲೇ ಇರಬೇಕು, ತಾನೇ ನಡೆದುಕೊಂಡು ಇರಬೇಕು. ಅದಕ್ಕೆ ಕುತ್ತು ಬಂದದ್ದು ನಮ್ಮ ಕನ್ನಡದವರಿಂದ.

ನನ್ನ ಗಂಡನಿಗೆ ಜನರನ್ನು ಕರೆಯುವ ಚಟ. ಚಳಿಗಾಲ ಬಂತೆಂದರೆ ಮಸ್ಕತ್ತಿನ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ನಮ್ಮ ಫಲಜಿನ ಫೋಟೋ, ಕೆಳಗೆ "ಎಲ್ಲರೂ ಬನ್ನಿ" ಎಂಬ ಒಕ್ಕಣೆ. ಎಲ್ಲರೂ ಬನ್ನಿ ಎಂದರೆ ಬೇರೆ ಕಡೆ ಯಾರೂ ಬರುವುದಿಲ್ಲ. ನಮ್ಮವರು ಮಾತ್ರ ಎಲ್ಲರೂ ಬರುತ್ತಾರೆ. ಕಳೆದ ಚಳಿಗಾಲದ ಒಂದು ಶುಕ್ರವಾರವೂ ಹಾಗೇ ಕಾರುಗಳ ಸಾಲು ಬಂತು. ನಾನು ಅಡುಗೆಮನೆಯಲ್ಲಿ ಗೋಳಿಬಜೆ ಕರಿಯುತ್ತ ಬೆವರುತ್ತಿದ್ದೆ. ಅವರು ಒಂದು ಸುತ್ತು ತಿರುಗಿ ಬರುತ್ತೇವೆಂದು ಹೊರಟವರು ಎಷ್ಟು ಹೊತ್ತಾದರೂ ಬರಲಿಲ್ಲ. ಬಜೆ ಆರಿ ತಣ್ಣಗಾಯಿತು. ಹುಡುಕಿಕೊಂಡು ಹೋದೆ.

ಖಾಲಾರ ಬಾಗಿಲು ಎಂದಿನಂತೆ ತೆರೆದಿತ್ತು. ಆ ಊರಿನಲ್ಲಿ ಹಗಲು ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ. ಒಳಗೆ ನಮ್ಮವರ ಸಂತೆ. ಬೆಳಿಗ್ಗೆ ರುಸ್ತಾಕ್ ಕೋಟೆ ನೋಡಿ ಬಂದವರು, ಅದೇ ಗುಂಗಿನಲ್ಲಿ ಇದನ್ನೂ ಮ್ಯೂಸಿಯಂ ಅಂದುಕೊಂಡು ಶೂ ಹಾಕಿಕೊಂಡೇ ನುಗ್ಗಿದ್ದರು. ಒಬ್ಬರು ಗೂಡಿನೊಳಗೆ ಕೈಹಾಕಿ ಡಬ್ಬಿ ಮೂಸುತ್ತಿದ್ದರು. ಒಬ್ಬರು ಖಾಲಾರ ಹಾಸಿಗೆಯ ಮೇಲೆ ಕುಳಿತು ವಿಡಿಯೋ ಮಾಡುತ್ತಿದ್ದರು. ಬೆಂಗಳೂರಿನ ಒಬ್ಬ ಇಂಜಿನಿಯರು ಗೋಡೆ ತಟ್ಟಿ ನೋಡುತ್ತ, "ಏನ್ ಕ್ವಾಲಿಟಿ ರೀ! ಒಳಗೆ ಒಬ್ಬ ಅಜ್ಜೀನೂ ಕೂರಿಸಿದಾರೆ ನೋಡಿ, ಎಷ್ಟು ಒರಿಜಿನಲ್ ಆಗಿದೆ!" ಎಂದು ಮೆಚ್ಚುತ್ತಿದ್ದರು. ಅವರ ಮಗಳು ಖಾಲಾರ ಮುಖಕ್ಕೆ ಮುಖ ತಂದು, "ಮಮ್ಮಾ, ಈಸ್ ಶೀ ರಿಯಲ್?" ಎಂದು ಕೇಳುತ್ತಿದ್ದಳು.

ಖಾಲಾ ರಿಯಲ್ ಆಗಿಯೇ ಕಾಫಿ ಬಗ್ಗಿಸುತ್ತಿದ್ದರು. ಎಡಗೈಯ ಬೆರಳನ್ನು ಪುಟ್ಟ ಬಟ್ಟಲ ಅಂಚಿಗೆ ಹಿಡಿದು, ಬಲಗೈಯಲ್ಲಿ ಹೂಜಿ. ಸಾಕು ಎನ್ನುವವರು ಬಟ್ಟಲನ್ನು ಅಲ್ಲಾಡಿಸಿ ಕೊಡಬೇಕು, ಸುಮ್ಮನೆ ಚಾಚಿದರೆ ಮತ್ತೆ ಬಗ್ಗಿಸುತ್ತಾರೆ. ನಮ್ಮವರಿಗೆ ಅದು ಗೊತ್ತಿಲ್ಲ. ಸಕ್ಕರೆಯಿಲ್ಲದ ಆ ಕಹಿ ಕಾಫಿಯನ್ನು ಮುಖ ಹುಳ್ಳಗೆ ಮಾಡಿಕೊಂಡು ಕುಡಿದದ್ದೇ ಕುಡಿದದ್ದು, ಮತ್ತೆ ಬಟ್ಟಲು ಚಾಚಿದ್ದೇ ಚಾಚಿದ್ದು.

ನನ್ನನ್ನು ಕಂಡು ಇಂಜಿನಿಯರು, "ಮೇಡಂ, ಟಿಕೆಟ್ ಎಲ್ಲಿ ತಗೋಬೇಕು?" ಎಂದರು.

"ಇದು ಮನೆ. ಅವರು ಇಲ್ಲಿ ಇರುವುದು," ಎಂದೆ.

"ಓಹ್," ಎಂದರು. ಒಂದು ಗಳಿಗೆ ಎಲ್ಲರೂ ಪೆಚ್ಚಾದರು. ಆಮೇಲೆ ಅವರ ಹೆಂಡತಿ, "ಹಾಗಾದ್ರೆ ಫ್ರೀನಾ?" ಎಂದರು.

ಎಲ್ಲರೂ ಹೊರಟುಹೋದ ಮೇಲೆ ನಾನು ಖಾಲಾರ ಬಳಿ ಕ್ಷಮೆ ಕೇಳಲು ಹೋದೆ. ಅವರು ಏಲಕ್ಕಿ ಡಬ್ಬಿಯನ್ನು ತಡವಿ ಹುಡುಕುತ್ತಿದ್ದರು. ಅದು ಬೇರೆಲ್ಲೋ ಇತ್ತು, ನಾನು ಎತ್ತಿಕೊಟ್ಟೆ.

"ನಿಮ್ಮ ಜನ ಒಳ್ಳೆಯವರೇ. ಆದ್ರೆ ಚಪ್ಪಲಿ ಯಾಕೆ ಬಿಡುದಿಲ್ಲ? ಕಾಲು ಸರಿ ಇಲ್ವಾ ಅವರಿಗೆ?" ಎಂದು ಕೇಳಿದರು. ನಿಜವಾದ ಕನಿಕರದಿಂದ ಕೇಳಿದರು.

ಒಂದೆರಡು ದಿನದಲ್ಲೇ ಮೊಬೈಲ್ ನಕ್ಷೆಯಲ್ಲಿ ನಮ್ಮೂರಿನ ತಲೆಯ ಮೇಲೆ ಒಂದು ಗುರುತು ಮೂಡಿತು, "ಹಳೆ ಮನೆ ಮ್ಯೂಸಿಯಂ" ಎಂದು. ಕೆಳಗೆ ಖಾಲಾರ ಅಡುಗೆಮನೆಯ ಫೋಟೋಗಳು, ನಕ್ಷತ್ರಗಳು, ಪ್ರವೇಶ ಉಚಿತ, ಕಾಫಿ ಚೆನ್ನಾಗಿಲ್ಲ ಎಂಬ ವಿಮರ್ಶೆ. ಅದು ಅಣ್ಣನ ಮಗನ ಕಣ್ಣಿಗೂ ಬಿತ್ತು. ಪಾಪ, ಅಷ್ಟು ದಿನ ಅವನಿಗೆ ಅದು ಅತ್ತೆಯಿರುವ ಹಳೆಯ ಮನೆಯಾಗಿತ್ತು. ಈಗ ಇದ್ದಕ್ಕಿದ್ದಂತೆ ಅದು 'ಹೆರಿಟೇಜ್' ಆಗಿಬಿಟ್ಟಿತು.

ಅವನು ಕೆಲಸದವರನ್ನು ಕರೆದುಕೊಂಡು ಬಂದ. ಗೆಸ್ಟ್ ಹೌಸ್ ಮಾಡುವುದೆಂದು ತೀರ್ಮಾನವಾಯಿತು. ಈ ಚಳಿಗಾಲ ಕಳೆಯುವವರೆಗೆ ಅತ್ತೆ ಇರಲಿ, ಆಮೇಲೆ ಅಲ್ ಅಮೇರಾತ್‌ಗೆ ಕರೆದುಕೊಂಡು ಹೋಗುತ್ತೇನೆ, ಅವರ ಮಲಗುವ ಕೋಣೆಯನ್ನು ಡಿಲಕ್ಸ್ ಮಾಡುತ್ತೇನೆ ಎಂದು ನನಗೆ ಉತ್ಸಾಹದಿಂದ ವಿವರಿಸಿದ. ಎಲ್ಲಕ್ಕಿಂತ ಮೊದಲು ಸುರಕ್ಷತೆ ಎಂದ. ಮೆಟ್ಟಿಲ ಬುಡದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಬಂತು. ಗೋಡೆಗೆ ಕಬ್ಬಿಣದ ಕಂಬಿ ಬಂತು. ನೆಲಕ್ಕೆ ದಪ್ಪ ಚಾಪೆ ಬಂತು. ಇರುವುದೇ ಒಂದು ಬಾಗಿಲಿನ ಮನೆಗೆ, ಹೊರಹೋಗುವ ದಾರಿ ಇದು ಎಂದು ಬಾಣ ತೋರಿಸುವ ದೀಪವೂ ಬಂತು.

ಈ ಸುರಕ್ಷತೆ ಬಂದ ವಾರ ಖಾಲಾರ ಮೊಣಕಾಲ ಕೆಳಗೆ ದೊಡ್ಡ ನೀಲಿ ಗಾಯ. ಸಿಲಿಂಡರಿಗೆ ಎಡವಿದ್ದು. ಮಾರನೆಯ ದಿನ ಚಾಪೆಯ ಅಂಚಿಗೆ. ಅದರ ಮಾರನೆಯ ದಿನ ಕಂಬಿಗೆ ಹಣೆ. ಬಾಣದ ದೀಪ ಒಂದೇ ಅವರಿಗೆ ಏನೂ ಮಾಡಲಿಲ್ಲ, ಅದು ಎತ್ತರದಲ್ಲಿತ್ತು. ನನಗೆ ರೇಗಿಹೋಯಿತು. ಅವನಿಗೆ ಫೋನು ಮಾಡಿ ನನ್ನ ಹರಕು ಅರಬ್ಬಿಯಲ್ಲೂ ಸರಿಯಾದ ಇಂಗ್ಲಿಷಿನಲ್ಲೂ ಬೈದೆ. "ಅದಕ್ಕೇ ಮೇಡಂ, ಅತ್ತೆ ಅಲ್ಲಿರುವುದು ಸೇಫ್ ಅಲ್ಲ," ಎಂದ.

ಖಾಲಾ ಮಾತ್ರ ಬೈಯಲಿಲ್ಲ. ಹಣೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ, "ಅವನು ಗೆಸ್ಟ್ ಗೆಸ್ಟ್ ಹೇಳ್ತಾನಲ್ಲ, ಅದು ನಮ್ಮ ಭಾಷೆಯಲ್ಲಿ ಅತಿಥಿಯೇ ಅಲ್ವಾ? ಬರ್ಲಿ. ಅತಿಥಿಯನ್ನು ಹೇಗೆ ನೋಡ್ಕೊಳ್ಳುದು ನನಗೆ ಗೊತ್ತುಂಟು," ಎಂದರು.

ಮೊದಲು ಬಂದವರು ಜರ್ಮನಿಯ ದಂಪತಿ. ಆ ಊರಿನ ಪದ್ಧತಿಯಲ್ಲಿ ಮನೆಗೆ ಬಂದವನನ್ನು ಮೂರು ದಿನ ಯಾಕೆ ಬಂದೆ ಎಂದು ಕೇಳುವಂತಿಲ್ಲ, ಅವನಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಖಾಲಾ ಅವರಿಗೆ ಕಾಫಿ, ಖರ್ಜೂರ, ಹಲ್ವ ಕೊಟ್ಟರು. ಊರಿನ ಹೆಂಗಸರಿಂದ ಅನ್ನ, ಮೀನು ಮಾಡಿಸಿ ಬಡಿಸಿದರು. ಹೊರಡುವ ಹೊತ್ತಿಗೆ ಅಣ್ಣನ ಮಗ ಬಿಲ್ಲು ಹಿಡಿದು ಬಂದ. ಖಾಲಾ ಎದ್ದು ನಿಂತರು.

"ಐಬ್!" ಎಂದರು. ನಾಚಿಕೆಗೇಡು ಎಂದರ್ಥ. "ನನ್ನ ಮನೆಯಲ್ಲಿ ಉಂಡವರ ಹತ್ರ ದುಡ್ಡು ಕೇಳ್ತೀಯಾ? ನಿನ್ನ ಅಪ್ಪ ಇದ್ದಿದ್ರೆ ಎಂತ ಹೇಳ್ತಿದ್ದ?"

ಊರವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವನ ಮುಖ ಕೆಂಪಾಯಿತು. ನಾಲ್ಕು ಜನರ ಎದುರು ಅತ್ತೆಗೆ ತಿರುಗಿ ಮಾತಾಡುವ ಹಾಗಿಲ್ಲ, ಬಿಲ್ಲು ಬಿಡುವ ಹಾಗೂ ಇಲ್ಲ. ಅತ್ತ ದರಿ, ಇತ್ತ ಪುಲಿ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡ. ಜರ್ಮನಿಯವರು ನಾಚಿ ಯಾರಿಗೂ ಕಾಣದಂತೆ ಕಾರಿನ ಬಳಿ ಅವನಿಗೆ ಏನೋ ಕೊಟ್ಟು ಹೋದರು. ಮರ್ಯಾದಸ್ಥರು.

ನಮ್ಮವರ ವಿಷಯ ಬೇರೆ. ಪುಗಸಟ್ಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು. ಮಸ್ಕತ್ತಿನ ಗುಂಪುಗಳಲ್ಲಿ ಸುದ್ದಿ ಹಬ್ಬಿತು: ರುಸ್ತಾಕ್ ಕಡೆ ಒಂದು ಹೆರಿಟೇಜ್ ಹೋಂಸ್ಟೇ, ಅಜ್ಜಿ ದುಡ್ಡು ತಗೊಳ್ಳಲ್ಲ. ವಾರಾಂತ್ಯ ಬಂದರೆ ಸಾಲು ಸಾಲು ಕಾರು. ಬೆಂಗಳೂರಿನವರು, ಮೈಸೂರಿನವರು, ನಮ್ಮ ಕಡೆಯವರು, ಅವರ ಊರಿನಿಂದ ಬಂದ ಅತ್ತೆ ಮಾವ, ಷಡ್ಡಕ. ಬುಕಿಂಗ್ ಇದ್ದರೆ ಮಾತ್ರ ಪ್ರವೇಶ ಎಂದು ಅಣ್ಣನ ಮಗ ಬೋರ್ಡು ಹಾಕಿದ. "ಬುಕಿಂಗಾ? ನಮಗೆ ಅಜ್ಜಿ ಪರ್ಸನಲ್ ಆಗಿ ಗೊತ್ತು ಕಣ್ರೀ," ಎಂದು ಒಳಗೆ ಹೋದರು. ನಮ್ಮ ಕಡೆಯ ಒಬ್ಬ ಹಿರಿಯರು, "ಎಂತ ಮಾರಾಯ, ಅಜ್ಜಿಮನೆಗೆ ಬರ್ಲಿಕ್ಕೆ ಬುಕಿಂಗ್ ಉಂಟಾ ಎಲ್ಲಿಯಾದ್ರೂ?" ಎಂದು ಅವನಿಗೇ ಬುದ್ಧಿ ಹೇಳಿದರು. ಕನ್ನಡದಲ್ಲಿ ಹೇಳಿದರು, ಬೆನ್ನು ತಟ್ಟಿ ಹೇಳಿದರು. ದುಡ್ಡು ಕೊಡುವ ಬಿಳಿಯರಿಗೆ ಕೂರಲು ಜಾಗವಿಲ್ಲದಂತಾಯಿತು. ನಾಲ್ಕೈದು ವಾರಕ್ಕೆ ಅವರು ಬರುವುದನ್ನೇ ಬಿಟ್ಟರು.

ಕೊನೆಗೊಂದು ದಿನ ಅಣ್ಣನ ಮಗ ನಮ್ಮ ಮಹಡಿಗೆ ಬಂದು ತಲೆಯ ಮೇಲೆ ಕೈಹೊತ್ತು ಕುಳಿತ. ನಾನು ಚಹಾ ಕೊಟ್ಟೆ. "ಖಲಾಸ್ ಮೇಡಂ. ಮುಗೀತು. ನಿಮ್ಮ ಜನ ನನ್ನನ್ನು ಮುಗಿಸಿಬಿಟ್ಟರು," ಎಂದ. ಸಿಲಿಂಡರು, ಚಾಪೆ, ಕಂಬಿ, ಬಾಣದ ದೀಪ ಎಲ್ಲವನ್ನೂ ಪಿಕಪ್ಪಿಗೆ ಹೇರಿಕೊಂಡು ಹೋದ. ಅಲ್ ಅಮೇರಾತ್‌ನ ಮಾತನ್ನೂ ಸದ್ಯಕ್ಕೆ ಬಿಟ್ಟ.

ಆ ಸಂಜೆ ನಾನೂ ಖಾಲಾರೂ ಚಾವಣಿಯ ಮೇಲೆ ಕುಳಿತು ನಕ್ಕ ನಗು ಊರಿಗೆಲ್ಲ ಕೇಳಿರಬೇಕು. ಬಿಟ್ಟಿ ಊಟಕ್ಕೆ ಬೀಳುವ ನಮ್ಮವರ ಬುದ್ಧಿಯ ಬಗ್ಗೆ ನಾನು ಜೀವನದಲ್ಲಿ ಮೊದಲ ಸಲ ಹೆಮ್ಮೆಪಟ್ಟೆ. ಒಂದು ಮನೆಯನ್ನು ಅವರು ಉಂಡು ಉಂಡೇ ಉಳಿಸಿಕೊಟ್ಟಿದ್ದರು. ಖಾಲಾ ಮೆಟ್ಟಿಲು ಇಳಿಯುವಾಗ ನಾನು ಕೈ ಕೊಡಲು ಹೋದೆ. "ನಿನಗೆ ಬೇಕಾ ಕೈ? ಹಿಡ್ಕೋ," ಎಂದು ನನ್ನನ್ನೇ ಇಳಿಸಿದರು.

ಆದರೆ ನಮ್ಮವರು ಬರುವುದು ನಿಲ್ಲಬೇಕಲ್ಲ. ಗೆಸ್ಟ್ ಹೌಸ್ ಮುಚ್ಚಿತೆಂದು ಗುಂಪುಗಳಲ್ಲಿ ತಿಳಿಸಿದೆ. "ಒಳ್ಳೇದಾಯ್ತು ಬಿಡಿ, ಕಮರ್ಷಿಯಲ್ ಆಗ್ತಿತ್ತು," ಎಂದು ಒಬ್ಬರು ಉತ್ತರ ಬರೆದರು. ಖಾಲಾರಿಗೆ ಈಗ ವಯಸ್ಸಾಗಿದೆ, ದಯವಿಟ್ಟು ಬಿಟ್ಟುಬಿಡಿ ಎಂದೆ. ಕೈಮುಗಿಯುವ ಚಿತ್ರಗಳು ಬಂದವು, ಅವುಗಳ ಹಿಂದೆ ಕಾರುಗಳೂ ಬಂದವು. ಬಾಗಿಲು ಹಾಕಿಕೊಳ್ಳಿ ಎಂದು ಖಾಲಾರಿಗೂ ಹೇಳಿ ನೋಡಿದೆ. "ಹಗಲು ಬಾಗಿಲು ಹಾಕುದಾ? ಸತ್ತಿದ್ದಾಳೆ ಅಂದ್ಕೊಳ್ತಾರೆ," ಎಂದರು.

ಒಂದು ಶುಕ್ರವಾರ ಮಧ್ಯಾಹ್ನ ಬಂದವರಲ್ಲಿ ಒಬ್ಬಾಕೆ ಇಳಕಲ್ ಸೀರೆ ಉಟ್ಟು, ಮೂಗಿಗೆ ಒತ್ತಿ ಸಿಕ್ಕಿಸುವ ನತ್ತು ಇಟ್ಟುಕೊಂಡು ತಯಾರಾಗಿ ಬಂದಿದ್ದರು. ಆಫೀಸಿನಲ್ಲಿ ದೊಡ್ಡ ಹುದ್ದೆಯವರಂತೆ. ಅವರಿಗೆ ಹಳ್ಳಿಯ ಹೆಣ್ಣಾಗಿ ಫೋಟೋ ಬೇಕಿತ್ತು. ಹಳ್ಳಿಯ ಹೆಣ್ಣೆಂದರೆ ಸೊಂಟದ ಮೇಲೆ ಕೊಡ ಇರಲೇಬೇಕಲ್ಲ. ಬಾಗಿಲ ಬಳಿ ತೂಗುತ್ತಿದ್ದ ಕೊಡವನ್ನು ಗಂಡನಿಂದ ಬಿಚ್ಚಿಸಿದರು, ನೀರು ಚೆಲ್ಲಿ ಹಗುರ ಮಾಡಿದರು, ಸೊಂಟಕ್ಕೇರಿಸಿಕೊಂಡು ಫಲಜಿನ ದಂಡೆಯಲ್ಲಿ ನಡೆದರು, ನಿಂತರು, ನಕ್ಕರು, ಬಾಗಿದರು. ನಾನು ಮಹಡಿಯ ಕಿಟಕಿಯಿಂದ ನೋಡಿ ನಗುತ್ತಿದ್ದೆ. ಓಮಾನಿನ ಹೆಂಗಸರು ಈ ಕೊಡವನ್ನು ಸೊಂಟಕ್ಕೆ ಏರಿಸುವುದೇ ಇಲ್ಲ, ಅದು ಗಾಳಿಗೆ ತೂಗಿ ನೀರು ತಂಪಾಗಲು ಇರುವ ಕೊಡ. ಹೋಗಲಿ, ಹಳ್ಳಿ ಯಾವುದಾದರೇನು, ಕೊಡ ಒಂದೇ ಎಂದುಕೊಂಡೆ. ಅವರು ಒಳಗೆ ಹೋಗಿ ಖಾಲಾರೊಡನೆ ಚಾವಣಿಯ ಮೇಲೆ ಕಾಫಿ ಕುಡಿದರು, ಅವರ ಕೈ ಕುಲುಕಿ ಕೆಳಗಿಳಿದು, ಮತ್ತೆ ಒಂದಿಷ್ಟು ಫೋಟೋ ತೆಗೆದು ಹೊರಟರು.

ಕೊಡವನ್ನು ಮತ್ತೆ ಕಟ್ಟುವ ತೊಂದರೆ ತೆಗೆದುಕೊಂಡಿರಲಿಲ್ಲ. ಮೆಟ್ಟಿಲ ಮೇಲೆ ಇಟ್ಟಿದ್ದರು. ಅಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಇಟ್ಟದ್ದು, ಆಮೇಲೆ ಅವರು ಹಂಚಿಕೊಂಡ ಫೋಟೋದಲ್ಲೂ ಅದು ಚೆನ್ನಾಗಿಯೇ ಕಾಣುತ್ತಿತ್ತು.

ಸಂಜೆಯ ನಮಾಜಿಗೆ ಮುಂಚೆ ಖಾಲಾ ಚಾವಣಿಯಿಂದ ಇಳಿಯುತ್ತಿದ್ದರು. ತೋಟದ ದಾರಿಯಲ್ಲಿ ಅವರ ಮನೆಯ ಕಡೆಗೇ ಬರುತ್ತಿದ್ದ ನಾನು ಶಬ್ದ ಕೇಳಿ ಓಡಿದಾಗ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದರು, ಸುತ್ತ ಕೊಡದ ಚೂರು. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದರು. "ಮೆಟ್ಟಿಲಲ್ಲಿ ಎಂತ ಇತ್ತು ಮಗಾ?" ಎಂದು ಕೇಳಿದರು. ನಾನು ಹೇಳಿದೆ.

ಆ ದಿನ ಎಕ್ಸ್‌ರೇ ತೆಗೆದದ್ದು ನನ್ನ ಗಂಡನೇ. ಸೊಂಟದ ಮೂಳೆ ಮುರಿದಿತ್ತು. ಹೊರಗೆ ಬಂದು ಗೋಡೆಗೊರಗಿ ನಿಂತರು. "ನಮ್ಮೂರಲ್ಲಿ ಕಳ್ಳರ ಹೆದರಿಕೆಯೇ ಇಲ್ಲ ಅಂತ ಎಲ್ಲರಿಗೂ ಹೇಳ್ತಿದ್ದೆ," ಎಂದರು. ಹೇಳುತ್ತಿದ್ದದ್ದು ಸುಳ್ಳೇನಲ್ಲ. ಬಂದವರಲ್ಲಿ ಯಾರೂ ಆ ಮನೆಯಿಂದ ಒಂದು ಚಮಚ ಕದ್ದವರಲ್ಲ. ಇದ್ದ ವಸ್ತುವನ್ನು ಒಂದು ಮೊಳ ಆಚೆ ಇಟ್ಟರು, ಅಷ್ಟೆ. ಆ ಇಳಕಲ್ ಸೀರೆಯವರ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಎದುರಿಗೆ ಸಿಕ್ಕರೆ ಬೈಯಬೇಕೆಂದಿದ್ದೆ, ಸಿಕ್ಕಿದರು ಕೂಡ. ವಿಷಯ ತಿಳಿಸಿದಾಗ, "ಅಯ್ಯೋ ಪಾಪ! ಆ ಏಜಲ್ಲಿ ಒಬ್ಬೊಬ್ರೇ ಇರ್ಬಾರ್ದು ಕಣ್ರೀ," ಎಂದರು.

ಮಸ್ಕತ್ತಿನಲ್ಲಿ ಆಪರೇಶನ್ ಆಯಿತು. ಆಮೇಲೆ ಅಣ್ಣನ ಮಗ ಕೇಳುವ ಗೋಜಿಗೆ ಹೋಗಲಿಲ್ಲ, ಖಾಲಾ "ದೇವರು ಬಯಸಿದರೆ" ಎನ್ನುವ ಗೋಜಿಗೂ ಹೋಗಲಿಲ್ಲ. ನೇರವಾಗಿ ಅಲ್ ಅಮೇರಾತ್‌ಗೆ ಕರೆದುಕೊಂಡು ಹೋದ. ಅವನನ್ನು ದೂರುವಂತಿಲ್ಲ. ಅವನ ಹೆಂಡತಿ ತಾಯಿಯಂತೆ ನೋಡಿಕೊಳ್ಳುತ್ತಾಳೆ.

ಈ ಬೇಸಿಗೆಯ ಆರಂಭದಲ್ಲಿ ನಾನು ನೋಡಲು ಹೋಗಿದ್ದೆ. ಕೆಳಗಿನ ಕೋಣೆಯನ್ನೇ ಅವರಿಗೆ ಬಿಟ್ಟುಕೊಟ್ಟಿದ್ದರು. ನುಣುಪಾದ ಟೈಲ್ಸು, ನುಣುಪಾದ ಗೋಡೆ, ಎ.ಸಿ.ಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಖಾಲಾ ಮಂಚದ ಅಂಚಿನಲ್ಲಿ ಕುಳಿತಿದ್ದರು. ಕಾಫಿಯನ್ನು ಸೊಸೆ ತಂದು ಬಗ್ಗಿಸಿದಳು. ಈ ವರ್ಷದ ಖರ್ಜೂರ ಹೇಗಿದೆ, ಫಲಜಿನಲ್ಲಿ ನೀರು ಎಷ್ಟಿದೆ ಎಂದು ವಿಚಾರಿಸಿದರು. ನಡೆಯುತ್ತಾರಾ ಎಂದು ನಾನು ಕೇಳಿದಾಗ ಸೊಸೆಯೇ ಉತ್ತರಿಸಿದಳು, ನಡೆಯಬಹುದೆಂದು ವೈದ್ಯರು ಹೇಳಿದ್ದಾರೆ, ಇವರೇ ಏಳುವುದಿಲ್ಲ ಎಂದು.

ಹೊರಡುತ್ತೇನೆ ಎಂದು ನಾನು ಎದ್ದೆ. ಅತಿಥಿಯನ್ನು ಬಾಗಿಲವರೆಗೆ ಕಳಿಸಿಕೊಡದೆ ಅವರು ಎಂದೂ ಕೂತವರಲ್ಲ. ಬೇಡವೆಂದರೂ ಕೇಳದೆ ವಾಕರ್ ಹಿಡಿದು ಎದ್ದರು, ನನ್ನ ಮುಂದೆ ಮುಂದೆ ನಡೆದರು. ನೆಟ್ಟಗೆ ಹೋಗಿ ಬಟ್ಟೆಯ ಕಪಾಟಿನ ಎದುರು ನಿಂತರು. ಕೈ ಚಾಚಿ ಅದರ ಹಿಡಿ ತಡವಿ, ಎಳೆದು ತೆರೆದು, ಒಂದು ಬದಿಗೆ ಸರಿದು ನನಗೆ ದಾರಿ ಬಿಟ್ಟರು.

"ಹೋಗಿ ಬಾ ಮಗಾ," ಎಂದರು.

ನಾನು ಹೋಗಿ ಬರುತ್ತೇನೆ ಎಂದೆ, ಮತ್ತು ಅವರ ಬೆನ್ನ ಹಿಂದಿದ್ದ ಬಾಗಿಲಿನಿಂದ ಸದ್ದಾಗದಂತೆ ಹೊರಗೆ ಬಂದೆ.